ಇಳಿತದ ಹೊತ್ತಿಗೆ ಕಡಲ ತೀರದಲ್ಲಿ

ಕಾರ್ತಿಕ ಕಳೆಯಿತೆಂದರೆ ಮಾಧ್ಯಮಿಕ ಶಾಲೆಯ ಮಕ್ಕಳಿರುವ ಮನೆಗಳಲ್ಲಿ ಪ್ರವಾಸದ ಮಾತು ಮೊದಲಾಗುತ್ತದೆ. ಒಪ್ಪಿಗೆಯ ಚೀಟಿ ಹಿಡಿದು ಮಗನೋ ಮಗಳೋ ಎದುರು ನಿಂತಾಗ ನೀವು ಕೇಳುವುದು ಬಸ್ಸಿನ ವೇಳೆ ಮತ್ತು ಖರ್ಚು. ಪ್ರವಾಸವು ಕಡಲ ತೀರಕ್ಕಾದರೆ ಇನ್ನೊಂದನ್ನೂ ಕೇಳಿರಿ: ಅಂದು ಇಳಿತ ಎಷ್ಟು ಗಂಟೆಗೆ?

ನಮ್ಮ ಕರಾವಳಿಯಲ್ಲಿ ಕಡಲು ಸಾಮಾನ್ಯವಾಗಿ ದಿನಕ್ಕೆರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಒಂದು ಉಬ್ಬರದಿಂದ ಮುಂದಿನದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹೀಗಾಗಿ ನಾಳಿನ ಇಳಿತ ಇಂದಿನದಕ್ಕಿಂತ ಸುಮಾರು 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆಗಳ ಸುಮಾರಿಗೆ ಸೂರ್ಯ ಚಂದ್ರರ ಸೆಳೆತ ಒಂದೇ ಗೆರೆಯಲ್ಲಿ ಕೂಡುವುದರಿಂದ ನೀರು ಹೆಚ್ಚು ಏರಿ, ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಈ ಏರಿಳಿತ ಕಡಿಮೆ. ಇಷ್ಟನ್ನು ಮನೆಯ ಪಂಚಾಂಗವೇ ತಿಳಿಸುತ್ತದೆ. ಗಂಟೆಯನ್ನು ಮಾತ್ರ ಅಲ್ಲಿಯ ಮೀನುಗಾರರಿಂದ ಕೇಳಿ ತಿಳಿಯಬೇಕು.

ಉಡುಪಿಯ ಬಳಿಯ ಮಲ್ಪೆಯನ್ನೇ ತೆಗೆದುಕೊಳ್ಳಿ. ಅಲ್ಲಿಂದ ದೋಣಿಯಲ್ಲಿ ಸೇಂಟ್ ಮೇರಿ ದ್ವೀಪಕ್ಕೆ ಹೋದರೆ, ಯಾರೋ ಕೆತ್ತಿ ನಿಲ್ಲಿಸಿದಂತಹ ಐದಾರು ಮುಖದ ಕಲ್ಲುಕಂಬಗಳು ಕಾಣುತ್ತವೆ. ಕೆತ್ತಿದವರು ಯಾರೂ ಇಲ್ಲ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಭಾರತವೂ ಮಡಗಾಸ್ಕರವೂ ಬೇರ್ಪಡುತ್ತಿದ್ದ ಕಾಲದಲ್ಲಿ, ಉಕ್ಕಿದ ಲಾವಾರಸವು ತಣಿದು ಕುಗ್ಗುವಾಗ ಬಿರಿದ ಬಿರುಕುಗಳಿವು. ಬತ್ತಿದ ಕೆರೆಯಂಗಳದ ಕೆಸರು ಬಿರಿಯುವುದನ್ನು ಕಂಡ ಮಗುವಿಗೆ ಇದನ್ನು ವಿವರಿಸುವುದು ಸುಲಭ.

ಆದರೆ ನನ್ನ ಮಟ್ಟಿಗೆ ಹೆಚ್ಚಿನ ಸೋಜಿಗವಿರುವುದು ಕಂಬಗಳ ಬುಡದಲ್ಲಿ. ಕಡಲಂಚಿನ ಬಂಡೆಗೆ ಸುಣ್ಣದ ಹರಳುಗಳಂತೆ ಅಂಟಿಕೊಂಡಿರುವ ಬಾರ್ನಕಲ್ಲುಗಳು ಕಲ್ಲಲ್ಲ, ಸಿಗಡಿ ಏಡಿಗಳ ನಂಟರು. ನೀರು ಸರಿದಾಗ ಬಾಗಿಲು ಮುಚ್ಚಿ ತೇವ ಕಾಪಾಡಿಕೊಳ್ಳುತ್ತವೆ. ನೀರು ಬಂದಾಗ ಗರಿಯಂತಹ ಕಾಲುಗಳನ್ನು ಬೀಸಿ ಆಹಾರ ಹಿಡಿಯುತ್ತವೆ. ಇಳಿತದ ಹೊತ್ತಿಗೆ ಬಂಡೆಯ ಕುಳಿಗಳಲ್ಲಿ ಉಳಿದ ನೀರಿನ ಮುಂದೆ ಹತ್ತು ನಿಮಿಷ ಸದ್ದಿಲ್ಲದೆ ಕುಳಿತರೆ ಈ ಬೀಸಾಟವನ್ನು ಕಾಣಬಹುದು. ಹತ್ತು ನಿಮಿಷ ಸುಮ್ಮನಿರುವುದು ಮಕ್ಕಳಿಗೆ ಕಷ್ಟ, ನಿಜ. ಜೊತೆಗೆ ಬಂದ ಹಿರಿಯರಿಗೆ ಇನ್ನೂ ಕಷ್ಟ.

ಹಿಂದೊಮ್ಮೆ ಹೀಗೆ ಮಕ್ಕಳೊಡನೆ ಹೋದಾಗ ಒಬ್ಬ ಹುಡುಗ ಅಂದವಾದ ಶಂಖವೊಂದನ್ನು ತೋರಿಸಿ, ಒಯ್ಯಲೇ ಎಂದು ಕೇಳಿದ. ನಾನು ತಿರುಗಿಸಿಯೂ ನೋಡದೆ ಹೂಂ ಎಂದೆ. ಮರುದಿನ ಅವನ ಚೀಲವೆಲ್ಲ ನಾರುತ್ತಿತ್ತು. ಶಂಖದೊಳಗೆ ಸನ್ಯಾಸಿ ಏಡಿಯೊಂದು ಸತ್ತಿತ್ತು. ಈ ಏಡಿಯ ಹಿಂಬದಿ ಮೃದು. ಅದಕ್ಕೆ ಸ್ವಂತ ಚಿಪ್ಪಿಲ್ಲ. ಖಾಲಿ ಶಂಖವೇ ಅದರ ಮನೆ, ಬೆಳೆದಂತೆ ಇನ್ನೂ ದೊಡ್ಡದನ್ನು ಹುಡುಕಿ ಬದಲಾಯಿಸುತ್ತದೆ. ಹುಡುಗ ಅತ್ತ. ತಪ್ಪು ನನ್ನದು. ಅಂದಿನಿಂದ ಖಾಲಿ ಶಂಖವನ್ನೂ ತರಗೊಡುವುದಿಲ್ಲ. ಪುಸ್ತಕದಲ್ಲಿ ಚಿತ್ರ ಬರೆದುಕೊಳ್ಳಲು ಹೇಳುತ್ತೇನೆ. ಕೆಲವು ಬಗೆಯ ಶಂಖಗಳನ್ನು ಸಂಗ್ರಹಿಸುವುದು ಕಾನೂನಿಗೂ ವಿರುದ್ಧ.

ಮಲ್ಪೆಯ ಮರಳಿನಲ್ಲಿ ಇನ್ನೊಂದು ಕೆಲಸ ಕೊಡಬಹುದು. ನೀರಿನಂಚಿಗೆ ಕೋಲೊಂದನ್ನು ನೆಟ್ಟು, ಕಾಲುಗಂಟೆಗೊಮ್ಮೆ ಅಂಚು ಎಷ್ಟು ಹೆಜ್ಜೆ ಸರಿಯಿತೆಂದು ಬರೆದಿಡಲಿ. ಕಡಲು ಮರಳುತ್ತಿದೆಯೆಂಬುದು ಹೇಳಿಸಿಕೊಂಡು ಕಲಿಯುವುದಕ್ಕಿಂತ ಹೀಗೆ ಬೇಗ ಮನಸ್ಸಿಗೆ ನಾಟುತ್ತದೆ. ಮಳೆಗಾಲದಲ್ಲಿ ದ್ವೀಪಕ್ಕೆ ದೋಣಿಯಿಲ್ಲ. ಉಳಿದ ದಿನಗಳಲ್ಲಿಯೂ ಹೊರಡುವ ಮುನ್ನ ರೇಡಿಯೋದಲ್ಲಿ ಮೀನುಗಾರರಿಗೆ ಕೊಡುವ ಎಚ್ಚರಿಕೆಯನ್ನು ಕೇಳಿರಿ. ಪಾಚಿಗಟ್ಟಿದ ಬಂಡೆಯ ಮೇಲೆ ಯಾರೂ ಓಡಬಾರದು, ಅಲೆಗೆ ಬೆನ್ನು ಕೊಟ್ಟು ನಿಲ್ಲಬಾರದು. ನೀರು ಏರತೊಡಗಿತೆಂದರೆ ಚಿತ್ರ ಅರ್ಧವಾಗಿದ್ದರೂ ಎಲ್ಲರೂ ಬಂಡೆಯಿಂದ ಇಳಿದುಬಿಡಬೇಕು.