ಟೊಮ್ಯಾಟೊಗೆ ನೇರಳೆ ಬಣ್ಣ ತಂದ ವಿಜ್ಞಾನಿ

ನೇರಳೆ ಹಣ್ಣು ತಿಂದಾಗ ನಾಲಿಗೆಗೆ ಹತ್ತುವ ಬಣ್ಣ ಆಂಥೋಸಯನಿನ್. ಅದನ್ನು ಟೊಮ್ಯಾಟೊ ತಿರುಳಿನೊಳಗೂ ಮೂಡಿಸಿದವರು ಇಂಗ್ಲೆಂಡಿನ ನಾರ್ವಿಚ್‌ನಲ್ಲಿರುವ ಜಾನ್ ಇನ್ನೆಸ್ ಸೆಂಟರ್‌ನ ಸಸ್ಯವಿಜ್ಞಾನಿ ಕ್ಯಾಥಿ ಮಾರ್ಟಿನ್. ಕೋಲಾರದ ಟೊಮ್ಯಾಟೊ ಬೆಳೆಗಾರರ ಮನೆಯಲ್ಲಿ ಹುಟ್ಟಿ, ಪಿಯುಸಿ ಮಕ್ಕಳಿಗೆ ಸಸ್ಯಶಾಸ್ತ್ರ ಹೇಳಿಕೊಟ್ಟ ನನಗೆ ಈಕೆಯ ಕೆಲಸದ ಮೇಲೆ ತುಂಬಾ ಅಭಿಮಾನ.

ಟೊಮ್ಯಾಟೊ ಗಿಡಕ್ಕೆ ಈ ಬಣ್ಣ ತಯಾರಿಸುವುದು ಮೊದಲೇ ಗೊತ್ತು. ಆದರೆ ಮಾಮೂಲಿ ತಳಿಗಳ ಹಣ್ಣಿನಲ್ಲಿ ಆ ಕೆಲಸ ನಡೆಯುವುದಿಲ್ಲ. ಮಾರ್ಟಿನ್ ತಂಡ ಸ್ನ್ಯಾಪ್‌ಡ್ರ್ಯಾಗನ್ ಹೂಗಿಡದಿಂದ ಎರಡು ಜೀನ್ ತಂದು, ಹಣ್ಣು ಮಾಗುವ ಹೊತ್ತಿಗೆ ಮಾತ್ರ ಎಚ್ಚರಗೊಳ್ಳುವಂತೆ ಜೋಡಿಸಿತು. ಹಾಗಾಗಿ ಕಾಯಿ ಹಸಿರಾಗಿಯೇ ಇದ್ದು, ಮಾಗುತ್ತಿದ್ದಂತೆ ಒಳಗೂ ಹೊರಗೂ ನೇರಳೆಗೆ ತಿರುಗುತ್ತದೆ. ಇದೇ ಬಣ್ಣವಿರುವ ದುಬಾರಿ ಬ್ಲೂಬೆರ್‍ರಿ ಕೊಳ್ಳಲಾಗದವರೂ ದಿನಾ ತಿನ್ನುವ ತರಕಾರಿಯಲ್ಲೇ ಆ ಸತ್ವ ಸಿಗಲಿ ಎನ್ನುವ ಯೋಚನೆ ನನಗೆ ಬಹಳ ಹಿಡಿಸಿತು.

2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಬೇಗ ಕ್ಯಾನ್ಸರ್ ಬರುವ ತಳಿಯ ಇಲಿಗಳ ಆಹಾರಕ್ಕೆ ಶೇ. 10ರಷ್ಟು ನೇರಳೆ ಟೊಮ್ಯಾಟೊ ಪುಡಿ ಬೆರೆಸಿದರು. ಅವು ಸರಾಸರಿ 182 ದಿನ ಬದುಕಿದವು. ಬರೀ ಮಾಮೂಲಿ ಆಹಾರ ತಿಂದವು 142 ದಿನ. ಇದು ಇಲಿಗಳ ಲೆಕ್ಕ, ನೆನಪಿರಲಿ. ಇದನ್ನೇ ಮನುಷ್ಯರ ಕ್ಯಾನ್ಸರ್‌ಗೆ ಮದ್ದೆಂದು ಯಾರಾದರೂ ಹೇಳಿದರೆ ನಂಬಬೇಡಿ.

ರೈತರ ಮನೆಯವಳಾಗಿ ನನ್ನನ್ನು ಹಿಡಿದು ನಿಲ್ಲಿಸಿದ್ದು 2013ರ ಫಲಿತಾಂಶ. ಈ ಹಣ್ಣಿಗೆ ಬೂದು ಬೂಷ್ಟು ಸುಲಭವಾಗಿ ಹಿಡಿಯುವುದಿಲ್ಲ, ಬಾಳಿಕೆಯೂ ಸುಮಾರು ಎರಡು ಪಟ್ಟು. ಮಳೆ ಹಿಡಿದ ವಾರ ಮಂಡಿಗೆ ಹೋಗುವ ಮೊದಲೇ ಬಾಕ್ಸಿನಲ್ಲಿ ಹಣ್ಣು ಕೊಳೆತು ನೀರಾಗುವುದನ್ನು ನೋಡಿದವರಿಗೆ ಇದರ ಬೆಲೆ ಗೊತ್ತು. ತಿನ್ನುವವರಿಗಾಗಿ ತುಂಬಿದ ಬಣ್ಣ ಬೆಳೆಯುವವರನ್ನೂ ಕಾಯುತ್ತಿದೆ!

2022ರಲ್ಲಿ ಮಾರ್ಟಿನ್ ತಂಡವೇ ಇನ್ನೊಂದು ಟೊಮ್ಯಾಟೊ ರೂಪಿಸಿತು. ಇಲ್ಲಿ ಹೊರಗಿನ ಜೀನ್ ಸೇರಿಸಿಲ್ಲ, ಗಿಡದ್ದೇ ಒಂದು ಜೀನನ್ನು ಕ್ರಿಸ್ಪರ್ ಎಂಬ ಜೀನ್ ತಿದ್ದುವ ವಿಧಾನದಿಂದ ನಿಲ್ಲಿಸಿದ್ದಾರೆ. ಆಗ ವಿಟಮಿನ್ ಡಿ3ಯ ಮೂಲವಸ್ತು ಹಣ್ಣಿನಲ್ಲಿ ಉಳಿಯುತ್ತದೆ, ಅತಿನೇರಳೆ ಬೆಳಕು ಬಿದ್ದರೆ ವಿಟಮಿನ್ ಆಗುತ್ತದೆ. ಒಂದು ಹಣ್ಣಿನಲ್ಲಿ ಎರಡು ಮೊಟ್ಟೆಯಷ್ಟು. ಮೀನು, ಮೊಟ್ಟೆ ಮುಟ್ಟದ ಮನೆಗಳಿಗೆ ಇದು ಸಣ್ಣ ವಿಷಯವಲ್ಲ.

ಅಮೆರಿಕದಲ್ಲಿ 2024ರಿಂದ ಮನೆತೋಟದವರಿಗೆ ನೇರಳೆ ಟೊಮ್ಯಾಟೊ ಬೀಜ ಮಾರಾಟವಾಗುತ್ತಿದೆ. ಆನ್‌ಲೈನಿನಲ್ಲಿ ಕಂಡು ತರಿಸಲು ಹೋಗಬೇಡಿ. ಅದು ಕುಲಾಂತರಿ, ನಮ್ಮ ದೇಶದಲ್ಲಿ ಅನುಮತಿಯಿಲ್ಲದೆ ಕುಲಾಂತರಿ ಬೀಜ ತರಿಸುವುದೂ ಬಿತ್ತುವುದೂ ಕಾನೂನಿಗೆ ವಿರುದ್ಧ.