ಹಳೇ ಸಾವಿರ ಲೀಟರ್ ಟ್ಯಾಂಕ್ ತರೋ ಮುಂಚೆ ಇಷ್ಟು ನೋಡ್ರಿ

ಚಿಂಚೋಳಿ: ಕಬ್ಬಿಣದ ಜಾಲಿಯೊಳಗೆ ಕೂತ ಸಾವಿರ ಲೀಟರ್‌ನ ಬಿಳಿ ಪ್ಲಾಸ್ಟಿಕ್ ಟ್ಯಾಂಕಿಗೆ ಕಾರ್ಖಾನೆಯವರು ಐಬಿಸಿ ಅಂತಾರೆ. ಗುಜರಿಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಚಂದ್ರಂಪಳ್ಳಿ ಕಡೆ ಹೊಲಕ್ಕೆ, ಮನೆಗೆ ತರುವವರು ಮೂರು ವಿಷಯ ಗಮನಿಸಬೇಕು.

ಒಂದು, ಮೊದಲು ಒಳಗೇನಿತ್ತು? ಆಸಿಡ್, ಕೀಟನಾಶಕ ತುಂಬಿದ್ದರೆ ಎಷ್ಟು ತೊಳೆದರೂ ಕುಡಿಯುವ ನೀರಿಗೆ ಬೇಡ. ರಾಸಾಯನಿಕವನ್ನು ಪ್ಲಾಸ್ಟಿಕ್ ಹೀರಿಕೊಂಡಿರುತ್ತದೆ. ಲೇಬಲ್ ಕಿತ್ತಿದ್ದರೆ ಆ ಟ್ಯಾಂಕ್ ಬಿಟ್ಟುಬಿಡಿ.

ಎರಡು, ಜಾಲಿಯ ಮೇಲಿನ ತಗಡಿನ ಫಲಕದಲ್ಲಿ ತಯಾರಾದ ತಿಂಗಳು, ವರ್ಷ ಇರುತ್ತದೆ. ವಿಶ್ವಸಂಸ್ಥೆಯ ನಿಯಮದಂತೆ ಅಪಾಯಕಾರಿ ದ್ರವ ಸಾಗಿಸಲು ಇಂಥ ಟ್ಯಾಂಕಿಗೆ ಸಾಮಾನ್ಯವಾಗಿ 5 ವರ್ಷವಷ್ಟೇ ಅವಕಾಶ.

ಮೂರು, ತೂಕ. ಸಾವಿರ ಲೀಟರ್ ನೀರು 1 ಟನ್. ಅಷ್ಟೇ ಗಟ್ಟಿ ಸಲ್ಫ್ಯೂರಿಕ್ ಆಸಿಡ್ ಸುಮಾರು 1.8 ಟನ್! ಫಲಕದಲ್ಲಿರುವ ಮಿತಿ ನೋಡಿಯೇ ತುಂಬಬೇಕು, ಗಾಡಿಗೆ ಹೇರಬೇಕು.

ನೀರಿಗಾಗಿಯೇ ಬೇಕಿದ್ದರೆ ಹೊಸ ನೀರಿನ ಟ್ಯಾಂಕೇ ಲೇಸು.