ಕಾಲಿಗೆ ಗೆಜ್ಜೆ, ಕೈಯಲ್ಲಿ ಗಿಟಾರ್, ಸೊಂಟಕ್ಕೆ ಕೀಲುಕುದುರೆ

ಮೈಸೂರಿನ ಒಂದೇ ಮನೆಯ ಅಣ್ಣ-ತಮ್ಮ ಎರಡು ಬೇರೆ ಬೇರೆ ಬ್ಯಾಂಡ್ ಕಟ್ಟಿದರು. ಅಣ್ಣ ರಘು ದೀಕ್ಷಿತ್, ತಮ್ಮ ವಾಸು ದೀಕ್ಷಿತ್. ಅಣ್ಣನದು ‘ರಘು ದೀಕ್ಷಿತ್ ಪ್ರಾಜೆಕ್ಟ್’, ತಮ್ಮನದು ಗೆಳೆಯರ ಜೊತೆ ಕಟ್ಟಿದ ‘ಸ್ವರಾತ್ಮ’. ನನ್ನ ಲ್ಯಾಬಿನ ತೆಲುಗು ಹುಡುಗರಿಗೆ ಈ ಎರಡೂ ಹೆಸರು ಗೊತ್ತು. ಕಾಲೇಜು ಫೆಸ್ಟ್‌ಗಳಲ್ಲಿ ಕುಣಿದವರು ಅವರು. ಆದರೆ ನಮ್ಮ ಕನ್ನಡ ಸಂಘದ ಹಿರಿಯರಲ್ಲಿ ಅರ್ಧಕ್ಕರ್ಧ ಜನ ‘ಯಾರಪ್ಪಾ ಅವರು?’ ಎಂದೇ ಕೇಳುತ್ತಾರೆ. ಜನಪದದ ಹಾಡನ್ನು ರಾಕ್ ಸಂಗೀತಕ್ಕೆ ಕಟ್ಟಿದರೆ ಅದು ಯಾರದ್ದಾಗುತ್ತದೆ ಎಂಬ ಪ್ರಶ್ನೆ ನನ್ನನ್ನು ಹಿಡಿದದ್ದು ಈ ಅಂತರದಿಂದಲೇ.

ನಾನು ಹಾವೇರಿ ಜಿಲ್ಲೆಯವನು. ಶರೀಫಜ್ಜ ಹುಟ್ಟಿದ ಶಿಶುವಿನಹಾಳ ನಮ್ಮೂರಿಂದ ಹೆಚ್ಚು ದೂರವಿಲ್ಲ. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಈ ಮುಸ್ಲಿಂ ಮನೆಯ ಹುಡುಗ, ಬ್ರಾಹ್ಮಣ ಗುರು ಗೋವಿಂದ ಭಟ್ಟರ ಶಿಷ್ಯನಾಗಿ ಹಾಡಿದ ಪದಗಳನ್ನು ಅಮಾವಾಸ್ಯೆ ಭಜನೆಯಲ್ಲಿ ಏಕತಾರಿ, ದಮ್ಮಡಿ, ತಾಳದ ಜೊತೆ ಕೇಳುತ್ತ ಬೆಳೆದವರು ನಾವು. ಊರಿನ ಆಚೆಗೆ, ಪೇಟೆಯ ಮನೆಮನೆಗೆ ಆ ಪದಗಳನ್ನು ಮುಟ್ಟಿಸಿದವರು ಸಿ. ಅಶ್ವತ್ಥ್. ಹಾರ್ಮೋನಿಯಂ, ತಬಲಾ ಇಟ್ಟುಕೊಂಡು ಅವರು ಗಂಟಲು ಬಿಚ್ಚಿದರೆ ಸಭಾಂಗಣ ಎದ್ದು ಕೂರುತ್ತಿತ್ತು. 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಸಿನಿಮಾ ಬಂತು. ಶ್ರೀಧರ್ ಶರೀಫರಾದರು, ಗಿರೀಶ ಕಾರ್ನಾಡರು ಗೋವಿಂದ ಭಟ್ಟರಾದರು, ಸಂಗೀತ ಅಶ್ವತ್ಥರದ್ದು. ಆ ಮೇಲೆ ಶರೀಫರ ಪದ ಎಂದರೆ ಅಶ್ವತ್ಥರ ದನಿ ಎಂದೇ ಆಗಿಹೋಯಿತು.

ಅಂಥ ಕಾಲದಲ್ಲಿ ಗಿಟಾರ್ ಹಿಡಿದು ಬಂದವರು ರಘು. ಮೈಸೂರು ವಿಶ್ವವಿದ್ಯಾಲಯದ ಮೈಕ್ರೋಬಯಾಲಜಿ ಎಂ.ಎಸ್ಸಿ., ಚಿನ್ನದ ಪದಕ, ಜೊತೆಗೆ ಭರತನಾಟ್ಯ. ಗಂಡು ಹುಡುಗ ಗೆಜ್ಜೆ ಕಟ್ಟುತ್ತಾನೆ ಎಂದು ಕಾಲೇಜಿನಲ್ಲಿ ಗೇಲಿ ಮಾಡಿದವನೊಬ್ಬನ ಜೊತೆ ಪಂಥ ಕಟ್ಟಿ ಗಿಟಾರ್ ಕಲಿತದ್ದು ಎಂದು ಅವರೇ ಅನೇಕ ಕಡೆ ಹೇಳಿಕೊಂಡಿದ್ದಾರೆ. ಮುಂದೆ ಬೆಲ್ಜಿಯಂನಲ್ಲಿ ವಿಜ್ಞಾನದ ಕೆಲಸ. (ಪಿಪೆಟ್ ಹಿಡಿದು ಹೊಟ್ಟೆ ಹೊರೆಯುವ ನನ್ನಂಥವನಿಗೆ ಈ ಭಾಗ ಓದಿದಾಗೆಲ್ಲ ಸ್ವಲ್ಪ ಹೊಟ್ಟೆಕಿಚ್ಚು.) ಅಲ್ಲಿನ ರೇಡಿಯೊದಲ್ಲಿ ತಮ್ಮ ಹಾಡು ಬಿತ್ತರವಾದ ಮೇಲೆ ಮನಸ್ಸು ಗಟ್ಟಿಯಾಯಿತು, ಊರಿಗೆ ಮರಳಿದರು. ‘ಅಂತರಾಗ್ನಿ’ ಎಂಬ ತಂಡ ಕಟ್ಟಿದರು, ಅದು ಚದುರಿತು. 2005ರಲ್ಲಿ ‘ಪ್ರಾಜೆಕ್ಟ್’ ಶುರುವಾಯಿತು. ಕ್ಯಾಸೆಟ್ ಕಂಪನಿಗಳು ವರ್ಷಗಟ್ಟಲೆ ಬಾಗಿಲು ಮುಚ್ಚಿದವು. ಕೊನೆಗೆ ಮುಂಬೈಯ ಒಂದು ಕ್ಲಬ್‌ನಲ್ಲಿ ಅವರ ಹಾಡು ಕೇಳಿದ ಸಂಗೀತ ನಿರ್ದೇಶಕರಾದ ವಿಶಾಲ್-ಶೇಖರ್ ಜೋಡಿ 2008ರಲ್ಲಿ ಮೊದಲ ಆಲ್ಬಂ ಹೊರತಂದಿತು. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಅದರಲ್ಲಿ ಶರೀಫರ ಎರಡು ಪದಗಳಿದ್ದವು.

ಎರಡೇ ವರ್ಷದಲ್ಲಿ, 2010ರಲ್ಲಿ, ಇವರು ಲುಂಗಿ ಉಟ್ಟು ಗೆಜ್ಜೆ ಕಟ್ಟಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ನಿಂತರು. 2011ರಲ್ಲಿ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸಬರ ಪ್ರಶಸ್ತಿ, ಅದೇ ವರ್ಷ ಗ್ಲಾಸ್ಟನ್‌ಬರಿ ಉತ್ಸವ. ಎರಡನೆಯ ಆಲ್ಬಂ ‘ಜಗ್ ಚಂಗಾ’ 2013ರಲ್ಲಿ ಬಂತು, ಅದರಲ್ಲೂ ಶರೀಫರಿದ್ದಾರೆ.

ನಮ್ಮ ಸೋದರಮಾವ ಊರಿನ ಭಜನಾ ಮೇಳದವರು. ಒಮ್ಮೆ ತಾರ್ನಾಕಕ್ಕೆ ಬಂದಾಗ ಅವರಿಗೆ ರಘು ಹಾಡಿದ ‘ಗುಡುಗುಡಿಯ ಸೇದಿ ನೋಡೋ’ ಕೇಳಿಸಿದೆ. ‘ಏನಲೇ ಇದು, ಶರೀಫಜ್ಜನ್ನ ಹಿಂಗ ಕುಣಸ್ಯಾರ?’ ಎಂದರು. ಎರಡು ಸಲ ಕೇಳಿ, ‘ಅಕ್ಷರ ನುಂಗಿಲ್ಲ ಬಿಡು’ ಎಂದು ಕಾಫಿಗೆ ಎದ್ದರು. ಅವರ ಬಾಯಿಂದ ಅದು ದೊಡ್ಡ ಸರ್ಟಿಫಿಕೇಟು.

ಮಗಳ ಕಥೆ ಬೇರೆ. ಅವಳು ಹುಟ್ಟಿದ್ದು ಇಲ್ಲೇ. ಶಾಲೆಯಲ್ಲಿ ತೆಲುಗು, ಹಿಂದಿ, ಇಂಗ್ಲಿಷ್. ಕನ್ನಡ ಅಡುಗೆಮನೆಯಲ್ಲಿ ಮಾತ್ರ. ಲಿಪಿಗಳು ಅಕ್ಕತಂಗಿಯರಾದ್ದರಿಂದ ತೆಲುಗಿನ ಬಲದಲ್ಲಿ ಕನ್ನಡದ ಬೋರ್ಡನ್ನು ತಡವರಿಸಿ ಓದುತ್ತಾಳೆ. ಅವಳು ಈ ಹಾಡನ್ನು ಪೂರ್ತಿ ಹಾಡಬಲ್ಲಳು, ಅರ್ಥ ಮಾತ್ರ ಗೊತ್ತಿರಲಿಲ್ಲ. ‘ಗುಡುಗುಡಿ ಅಂದರೆ ಏನಪ್ಪಾ?’ ಎಂದಾಗ ನಾನು ಬಾಯಿ ತೆರೆಯುವ ಮೊದಲೇ ಪಕ್ಕದ ಮನೆಯ ಹೈದರಾಬಾದಿ ಅಮ್ಮ, ‘ಅರೇ, ಗುಡ್‌ಗುಡೀ! ಹುಕ್ಕಾ ಬೇಟಾ’ ಎಂದರು. ಅವರ ಉರ್ದುವಿನಲ್ಲೂ ಅದು ಅದೇ ಪದ. ಹುಕ್ಕಾ ಸೇದುವ ಮಾತಾಡುತ್ತಲೇ ಶರೀಫರು ಒಳಗಿನ ಕೊಳೆ ಸುಡುವ ಮಾತಾಡುತ್ತಾರೆ ಎಂದು ವಿವರಿಸಲು ನನಗೆ ಅರ್ಧ ಗಂಟೆ ಹಿಡಿಯಿತು. ಆದರೆ ಕೇಳಿದಳಲ್ಲ! ಅಶ್ವತ್ಥರ ಹಾಡು ಹಾಕಿದಾಗ ಅವಳು ಯಾವತ್ತೂ ಅರ್ಥ ಕೇಳಿದವಳಲ್ಲ.

ಇಂಥ ಬೆರಕೆ ನಮ್ಮಲ್ಲಿ ಮಾತ್ರ ಆದದ್ದಲ್ಲ. ಎಡಿನ್‌ಬರೊದಲ್ಲಿ ಪೋಸ್ಟ್ ಡಾಕ್ ಮುಗಿಸಿ ಬಂದ ಸಹೋದ್ಯೋಗಿಯೊಬ್ಬರು ಸ್ಕಾಟ್ಲೆಂಡಿನ ‘ಇನ್‌ಕ್ರೆಡಿಬಲ್ ಸ್ಟ್ರಿಂಗ್ ಬ್ಯಾಂಡ್’ ಹಾಡುಗಳನ್ನು ನನಗೆ ಹತ್ತಿಸಿದರು. ರಾಬಿನ್ ವಿಲಿಯಮ್‌ಸನ್, ಕ್ಲೈವ್ ಪಾಮರ್, ಮೈಕ್ ಹೆರೊನ್ ಮೂವರೂ ಸೇರಿ 1966ರಲ್ಲಿ ಮೊದಲ ರೆಕಾರ್ಡ್ ತಂದರು. ತಂದದ್ದೇ ತಡ, ಪಾಮರ್ ತಂಡ ಬಿಟ್ಟು ಅಫ್ಘಾನಿಸ್ತಾನದ ದಾರಿ ಹಿಡಿದರು, ವಿಲಿಯಮ್‌ಸನ್ ಮೊರೊಕ್ಕೊಗೆ ಹೋಗಿ ವಾದ್ಯಗಳನ್ನು ಹೊತ್ತು ಬಂದರು. 1967ರ ಎರಡನೆಯ ಆಲ್ಬಂನಲ್ಲಿ ಸ್ಕಾಟಿಷ್ ಹಾಡಿನ ಪಕ್ಕದಲ್ಲೇ ಸಿತಾರ್ ಇದೆ! 1969ರಲ್ಲಿ ವುಡ್‌ಸ್ಟಾಕ್ ಉತ್ಸವಕ್ಕೆ ಕರೆ ಬಂತು. ಶುಕ್ರವಾರ ಮಳೆ ಸುರಿಯಿತೆಂದು ಇವರು ವೇದಿಕೆ ಏರಲಿಲ್ಲ. ಮರುದಿನ ಅಬ್ಬರದ ರಾಕ್ ತಂಡಗಳ ನಡುವೆ ಹಾಡಬೇಕಾಯಿತು, ಜನ ಕಿವಿಗೊಡಲಿಲ್ಲ. 1974ಕ್ಕೆ ತಂಡ ಮುಗಿಯಿತು. ಹೀಗೆ ಎರಡು ದೋಣಿಯಲ್ಲಿ ಕಾಲಿಟ್ಟವರಿಗೆ ಹಾಡಿನಷ್ಟೇ ಮುಖ್ಯ ಯಾವ ಜನರ ಮುಂದೆ, ಯಾರ ಪಕ್ಕದಲ್ಲಿ ಹಾಡುತ್ತೇವೆ ಎಂಬುದು.

ಸ್ವರಾತ್ಮದ ವೃತ್ತಿಜೀವನವನ್ನು ನೋಡಿದರೆ ಈ ಮಾತು ಇನ್ನೂ ನಿಜ ಎನಿಸುತ್ತದೆ. ಬೆಂಗಳೂರಿನಲ್ಲಿ 2002ರ ಹೊತ್ತಿಗೆ ಚಿಗುರಿದ ತಂಡ 2006ರಲ್ಲಿ ಒಂದು ರೂಪಕ್ಕೆ ಬಂತು. ಹಾಡು, ಗಿಟಾರ್ ವಾಸು ದೀಕ್ಷಿತ್. ಬಾಸ್ ಗಿಟಾರ್ ಜಿಷ್ಣು ದಾಸ್‌ಗುಪ್ತ. ಪಿಟೀಲು ಸಂಜೀವ್ ನಾಯಕ್. ತಾಳವಾದ್ಯ ಪವನ್ ಕುಮಾರ್. ಡ್ರಮ್ಸ್ ಮಾಂಟ್ರಿ ಮ್ಯಾನುಯೆಲ್. ಆಮೇಲೆ ಸೇರಿದ ಗಿಟಾರ್ ವಾದಕ ವರುಣ್ ಮುರಳಿ. ಹೆಸರುಗಳನ್ನೊಮ್ಮೆ ಓದಿ ನೋಡಿ, ಬೆಂಗಳೂರಿನ ಯಾವುದೇ ಅಪಾರ್ಟ್‌ಮೆಂಟಿನ ನೇಮ್‌ಬೋರ್ಡ್ ಓದಿದ ಹಾಗಿದೆ. ಅದೇ 2006ರಲ್ಲಿ ರೇಡಿಯೊ ಸಿಟಿಯ ಬ್ಯಾಂಡ್ ಸ್ಪರ್ಧೆ ಗೆದ್ದರು. 2009ರಲ್ಲಿ ಬ್ಯಾಂಡಿನ ಹೆಸರಿನದೇ ಮೊದಲ ಆಲ್ಬಂ ಬಂತು. ಬ್ರಿಟಿಷ್ ಕೌನ್ಸಿಲ್ ‘ಸೌಂಡ್‌ಪ್ಯಾಡ್’ ಯೋಜನೆಗೆ ಆರಿಸಿದ ನಾಲ್ಕು ಭಾರತೀಯ ಬ್ಯಾಂಡ್‌ಗಳಲ್ಲಿ ಇದೂ ಒಂದು. ರೇಡಿಯೊಹೆಡ್‌ನಂಥ ತಂಡಕ್ಕೆ ಆಲ್ಬಂ ಮಾಡಿಕೊಟ್ಟ ಜಾನ್ ಲೆಕಿ ಆ ನಾಲ್ವರ ಧ್ವನಿಮುದ್ರಣ ನೋಡಿಕೊಂಡರು.

ವೇದಿಕೆಯಲ್ಲಿ ಸ್ವರಾತ್ಮವನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ, ಕಾರಣ ಆ ಕುದುರೆ. ಮೈಸೂರು ದಸರಾ ಮೆರವಣಿಗೆಯಲ್ಲಿ ಕಾಣುವ ಕೀಲುಕುದುರೆಯಂಥದ್ದೇ ಕುದುರೆ ಸೊಂಟಕ್ಕೆ ಕಟ್ಟಿಕೊಂಡು ವಾಸು ಹಾಡುತ್ತಲೇ ಕುಣಿಯುತ್ತಾರೆ. ರಾಕ್ ಗಾಯಕರು ಗಿಟಾರನ್ನು ಬಂದೂಕಿನ ಹಾಗೆ ಹಿಡಿಯುವುದನ್ನು ನೋಡಿ ನೋಡಿ ಬೇಸತ್ತ ಕಣ್ಣಿಗೆ ಅದು ಹಬ್ಬ. ಇದನ್ನು ‘ಗಿಮಿಕ್’ ಎಂದವರೂ ಇದ್ದಾರೆ. ನನಗೆ ಹಾಗೆ ಅನಿಸಿಲ್ಲ. ನಮ್ಮ ಜಾತ್ರೆಗಳಲ್ಲಿ ಹಾಡು, ವೇಷ, ಕುಣಿತ ಯಾವತ್ತು ಬೇರೆಬೇರೆ ಇದ್ದವು?

2012ರ ‘ಟೋಪಿವಾಲೆ’ ಆಲ್ಬಂ ನನ್ನ ಮಟ್ಟಿಗೆ ಅವರ ಅತ್ಯುತ್ತಮ ಕೆಲಸ. ಶಂಕರ್-ಎಹ್ಸಾನ್-ಲಾಯ್ ಬಳಗದ ಲಾಯ್ ಮೆಂಡೋನ್ಸಾ ಅದನ್ನು ರೂಪಿಸಿದರು. ಭ್ರಷ್ಟಾಚಾರ ವಿರೋಧಿ ಚಳವಳಿಯ ಬಿಸಿ ಇನ್ನೂ ಆರದ ದಿನಗಳು. ರಾಜಕಾರಣಿಗಳ ಟೋಪಿಯನ್ನು ಗೇಲಿ ಮಾಡುವ ಶೀರ್ಷಿಕೆ ಗೀತೆಯಲ್ಲಿ ಸಿಟ್ಟಿಗಿಂತ ತುಂಟತನ ಹೆಚ್ಚಿದೆ, ಅದಕ್ಕೇ ಹಳಸಿಲ್ಲ. ಅದಕ್ಕೂ ಹಿಂದಿನ ವರ್ಷ ‘ದಿ ಡ್ಯೂವರಿಸ್ಟ್ಸ್’ ಟೀವಿ ಸರಣಿಯಲ್ಲಿ ಶುಭಾ ಮುದ್ಗಲ್ ಜೊತೆ ಹಾಡಿದ್ದರು. ಮೂರನೆಯ ಆಲ್ಬಂ ‘ರಾಹ್-ಎ-ಫಕೀರಾ’ ಬಂದದ್ದು 2018ರಲ್ಲಿ. ಆರು ವರ್ಷದ ಅಂತರ! ಸಿನಿಮಾದ ಹಂಗಿಲ್ಲದ ಬ್ಯಾಂಡ್ ನಮ್ಮ ದೇಶದಲ್ಲಿ ಆಲ್ಬಂ ಮಾರಿ ಬದುಕುವುದಿಲ್ಲ. ಕಾಲೇಜು ಫೆಸ್ಟ್, ಕಂಪನಿಗಳ ವಾರ್ಷಿಕೋತ್ಸವ, ಉತ್ಸವಗಳ ಕರೆ ಇವುಗಳಿಂದಲೇ ಜೀವನ. ಈ ನಡುವೆ ಸದಸ್ಯರೂ ಬದಲಾದರು. ಮಾಂಟ್ರಿ ಹೊರಬಂದು ಪೈಪು, ಡಬ್ಬ ಮುಂತಾದ ಗುಜರಿ ಸಾಮಾನಿನಿಂದ ವಾದ್ಯ ಮಾಡಿ ನುಡಿಸುವ ‘ತಾಳವಟ್ಟಂ’ ಕಟ್ಟಿದರು. ಡ್ರಮ್ಸ್‌ಗೆ ಜೋಯೆಲ್ ಮಿಲನ್ ಬ್ಯಾಪ್ಟಿಸ್ಟ್ ಬಂದರು.

ಕನ್ನಡಿಗರ ದೂರು ಇರುವುದು ಭಾಷೆಯ ಬಗ್ಗೆ. ಮೊದಲ ಆಲ್ಬಂನಲ್ಲಿ ‘ಈ ಭೂಮಿ’ ಎಂಬ ಕನ್ನಡ ಹಾಡು ಇದೆ, ನಿಜ. ಆದರೆ ಒಟ್ಟಾರೆ ಲೆಕ್ಕ ಹಾಕಿದರೆ ಹಿಂದಿಯೇ ಮೇಲು. ಮೂರು ಆಲ್ಬಂಗಳ ಹೆಸರು ನೋಡಿದರೂ ಸಾಕು. ಪುಣೆ, ದೆಹಲಿ, ಗುವಾಹಟಿಯ ಹುಡುಗರು ಟಿಕೆಟ್ ಕೊಳ್ಳಬೇಕಲ್ಲ. ಈ ಸಮರ್ಥನೆ ನನಗೆ ಅರ್ಥವಾಗುತ್ತದೆ, ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಅಣ್ಣನ ಬ್ಯಾಂಡ್ ಬ್ರಿಟನ್ನಿನಲ್ಲಿ ಕನ್ನಡ ಬಾರದ ಜನರ ಮುಂದೆ ಶರೀಫರನ್ನೇ ಹಾಡಿ ಗೆದ್ದಿತ್ತು. ತಮ್ಮನೂ ಮುಂದೆ ‘ವಾಸು ದೀಕ್ಷಿತ್ ಕಲೆಕ್ಟಿವ್’ ಎಂಬ ಇನ್ನೊಂದು ತಂಡ ಕಟ್ಟಿ ದಾಸರ ಪದ, ತತ್ವಪದ, ಜನಪದಗಳತ್ತ ಹೊರಳಿದ್ದಾರೆ. ಅವರ ಪತ್ನಿ ಬಿಂದುಮಾಲಿನಿಯವರು ಕಬೀರನನ್ನೂ ಹಾಡುವವರು. ‘ನಾತಿಚರಾಮಿ’ ಸಿನಿಮಾದ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದದ್ದು ನಿಮಗೆ ನೆನಪಿರಬಹುದು.

ಹೈದರಾಬಾದಿನಲ್ಲಿ ಕೂತು ಈ ವಿಷಯ ಯೋಚಿಸುವಾಗ ಹೋಲಿಕೆ ತಾನಾಗಿ ಬರುತ್ತದೆ. ತಾರ್ನಾಕದಿಂದ ಕೂಗಳತೆಯಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ. ತೆಲಂಗಾಣ ಹೋರಾಟದ ದಿನಗಳಲ್ಲಿ ‘ಧೂಮ್ ಧಾಮ್’ ಎಂಬ ಹಾಡು-ಕುಣಿತದ ಸಭೆಗಳು ನಡೆಯುತ್ತಿದ್ದವು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು ಹಿಡಿದ ಗದ್ದರ್ ಹಾಡಿದರೆ ಹುಡುಗರು ಹುಚ್ಚೆದ್ದು ಕೂಗುತ್ತಿದ್ದರು. ಇಲ್ಲಿ ಜನಪದ ಹಾಡು ಬೀದಿಯಿಂದ ಯುವಕರ ಬಾಯಿಗೆ ನೇರವಾಗಿ ಬಂತು. ಜನಪದಕ್ಕೆ ರೆಗೆ ಬೆರೆಸುವ ‘ಚೌರಸ್ತಾ’ ಎಂಬ ಹೈದರಾಬಾದಿನ ಬ್ಯಾಂಡ್ ತೆಲುಗಿನಲ್ಲೇ ಹಾಡಿ ಹೆಸರು ಮಾಡಿದೆ. ನಮ್ಮಲ್ಲಿ ಪೇಟೆಯ ಕಿವಿಗೆ ಜನಪದ ಬಂದದ್ದು ಬಹುಮಟ್ಟಿಗೆ ಸುಗಮ ಸಂಗೀತದ ವೇದಿಕೆಯಿಂದ, ಜಮಖಾನೆ ಹಾಸಿದ ಸಭೆಯಿಂದ. ಹಾಗಾಗಿ ಅದನ್ನು ಎದ್ದು ನಿಂತು ಕೇಳುವುದೇ ನಮಗೆ ಅಪಚಾರದಂತೆ ಕಾಣುತ್ತದೆ.

ನಮ್ಮ ಸಂಘದಲ್ಲಿ ಹಳಬರು ಹೆಚ್ಚಾಗಿ ರೈಲ್ವೆಯವರು. ಹುಬ್ಬಳ್ಳಿ ವಿಭಾಗ 2003ರವರೆಗೂ ಸಿಕಂದರಾಬಾದಿನ ದಕ್ಷಿಣ ಮಧ್ಯ ರೈಲ್ವೆಗೇ ಸೇರಿತ್ತಲ್ಲ, ಹಾಗೆ ಬಂದು ಲಾಲಾಗುಡ, ತಾರ್ನಾಕದಲ್ಲಿ ನೆಲೆ ನಿಂತವರು. ಈ ಸಲದ ರಾಜ್ಯೋತ್ಸವಕ್ಕೆ ಇಂಥದ್ದೊಂದು ತಂಡ ಕರೆಸೋಣ ಎಂದು ಸಭೆಯಲ್ಲಿ ಪ್ರಸ್ತಾಪಿಸಿದೆ. ‘ಆ ಡ್ರಮ್ಮಿನ ಸದ್ದಿಗೆ ನನ್ನ ಎದೆ ತಡೀತದೇನ್ರಿ?’ ಎಂದರು ಪೇಸ್‌ಮೇಕರ್ ಹಾಕಿಸಿಕೊಂಡ ಹಿರಿಯರೊಬ್ಬರು. ಇನ್ನೊಬ್ಬರು, ‘ಹಿಂದಿ ಹಾಡಿಗೆ ಕನ್ನಡ ಸಂಘದ ರೊಕ್ಕ ಯಾಕ?’ ಎಂದರು. ಖಜಾಂಚಿ ಏನೂ ಹೇಳದೆ ಪಾಸ್‌ಬುಕ್ ತೆಗೆದಿಟ್ಟರು. ಮೂರರಲ್ಲಿ ಉತ್ತರವಿಲ್ಲದ ವಾದ ಅದೊಂದೇ.

ನಾನೂ ಒಂದು ಲೆಕ್ಕ ಮುಂದಿಟ್ಟೆ. ಕಳೆದ ವರ್ಷ ನಮ್ಮ ಕಾರ್ಯಕ್ರಮಕ್ಕೆ ಬಂದ ಹದಿಹರೆಯದ ಮಕ್ಕಳನ್ನು ಬೆರಳೆಣಿಸಿದ್ದೆ: ಏಳು ಜನ. ಅದರಲ್ಲಿ ಮೂವರು ಊಟದ ಹೊತ್ತಿಗೆ ಬಂದವರು. ಪೂರ್ತಿ ಬ್ಯಾಂಡ್ ಬೇಡ, ಒಂದು ಗಿಟಾರ್, ಒಂದು ಪಿಟೀಲು, ಒಂದು ತಾಳವಾದ್ಯದ ಚಿಕ್ಕ ತಂಡವಾದರೂ ಆದೀತು. ಒಂದು ಗಂಟೆ, ಎಲ್ಲ ಕನ್ನಡವೇ, ಶರೀಫರಿಂದ ಶುರು. ಹಾಡಿನ ಸಾಹಿತ್ಯವನ್ನು ಕನ್ನಡದಲ್ಲೂ ತೆಲುಗು ಲಿಪಿಯಲ್ಲೂ ಅಚ್ಚು ಹಾಕಿ ಮಕ್ಕಳ ಕೈಗೆ ಕೊಡುವ ಕೆಲಸ ನನ್ನದು ಎಂದೆ. ಪೇಸ್‌ಮೇಕರ್ ಹಿರಿಯರು ‘ತೆಲುಗು ಲಿಪಿ ಯಾಕ?’ ಎಂದು ಕೇಳಿ, ತಮ್ಮ ಮೊಮ್ಮಗನನ್ನು ನೆನೆಸಿಕೊಂಡರೋ ಏನೋ, ಸುಮ್ಮನಾದರು. ತೀರ್ಮಾನ ಮುಂದಿನ ಭಾನುವಾರದ ಸಭೆಗೆ ಹೋಗಿದೆ.